ಮನೆಗೆ ಕಳಿಸಿದ ಕಾದಂಬರಿಗಳು

ಬೀಳ್ಕೊಡುಗೆಯ ಸಮಾರಂಭದಲ್ಲಿ ಮಾತಾಡಿದವರೆಲ್ಲರೂ ನಿವೃತ್ತರಾಗುತ್ತಿದ್ದ ನಮ್ಮ ಇಂಗ್ಲಿಷ್ ಅಧ್ಯಾಪಕಿಯನ್ನು ಸೌಮ್ಯ ಸ್ವಭಾವದವರೆಂದೇ ಬಣ್ಣಿಸಿದರು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ಅಂದರೆ ನಾವು ಓದುವಾಗ ಅದೇ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, "ಇಷ್ಟು ವರ್ಷಗಳಲ್ಲಿ ಒಬ್ಬರ ಮನಸ್ಸನ್ನೂ ನೋಯಿಸಿದವರಲ್ಲ" ಎಂದು ತೆಲುಗಿನಲ್ಲಿ ಹೇಳಿದಾಗ ತೆಲುಗು ಸೀಮೆಯ ಗಡಿಯೂರು ತಾಂಡೂರಿನ ಆ ಮಹಿಳಾ ಕಾಲೇಜಿನ ಸಭಾಂಗಣ ಚಪ್ಪಾಳೆ ತಟ್ಟಿತು. ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದ ಅವರು ಚಪ್ಪಾಳೆಯ ಕಡೆ ನೋಡದೆ ಶಾಲಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ದಾರವೊಂದನ್ನು ಒಳಗೆ ಸೇರಿಸುತ್ತಿದ್ದರು. ಒಬ್ಬರ ಬಾಯಿ ಕಟ್ಟಿದವರೇ ಮುಂದೊಂದು ದಿನ ಎದ್ದು ನಿಂತು ಅವರ ಮೌನವನ್ನು ಹೊಗಳುವುದು ನಮ್ಮ ಸಂಸ್ಥೆಗಳಲ್ಲಿ ಸಭ್ಯತೆಯೆಂದು ಚಲಾವಣೆಯಲ್ಲಿದೆ. ಆ ಸಭ್ಯತೆಯನ್ನು ಪ್ರಶ್ನಿಸದೆ ಬಿಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಬರಿಯವ್ವ, ಯಾರ್ ಬ್ಯಾಡ ಅಂದ್ರು. ಆದ್ರ ಹೆಸರು ಹಾಕಬ್ಯಾಡ. ಹೆಸರು ಹಾಕಿದ್ರ ಮಂದಿ ನನ್ನ ಹೊಗಳಿ ಕೈ ತೊಳ್ಕೊಂತಾರ. ನಾ ಕೇಳಿದ್ದಕ್ಕ ಯಾರೂ ಜವಾಬ್ ಕೊಡಂಗಿಲ್ಲ." ನಾವು ವಿದ್ಯಾರ್ಥಿನಿಯರು ಅವರನ್ನು ಕರೆದದ್ದು ಮೇಡಂ ಎಂದೇ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮೇಡಂ ನಾರಾಯಣಖೇಡದ ಲಿಂಗಾಯತ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರು. ಜಹೀರಾಬಾದಿನಲ್ಲಿ ಕೆಲವು ವರ್ಷ ಪಾಠ ಹೇಳಿ, ಆಮೇಲೆ ತಾಂಡೂರಿಗೆ ಬಂದು ಇಲ್ಲಿಯೇ ನಿಂತರು. ಅವರು ಕಲಿಸುತ್ತಿದ್ದುದು ಇಂಗ್ಲಿಷ್ ಸಾಹಿತ್ಯ. ಅವರ ಜೀವದ ವಿಷಯ ವಿಕ್ಟೋರಿಯನ್ ಕಾಲದಲ್ಲಿ ಹೆಂಗಸರು ಬರೆದ ಕಾದಂಬರಿಗಳು. ಆ ಕಾದಂಬರಿಗಳನ್ನು ಸ್ತ್ರೀವಾದಿ ನೆಲೆಯಿಂದ ಓದಬೇಕೆಂದು ಸಂಶೋಧನೆಗೆ ಸೇರಲು ಹೈದರಾಬಾದಿಗೆ ಹೋದಾಗ ಸಂದರ್ಶನಕ್ಕೆ ಕೂತಿದ್ದ ಪ್ರಾಧ್ಯಾಪಕರೊಬ್ಬರು, ನಾರಾಯಣಖೇಡಕ್ಕೂ ಈ ಕಾದಂಬರಿಗಳಿಗೂ ಏನು ಸಂಬಂಧವೆಂದು ಕೇಳಿದರಂತೆ. "ಹೈದರಾಬಾದಿಗಿ ಏನ್ ಸಂಬಂಧ ಅದ ಮೊದಲ ನೀವು ಹೇಳ್ರಿ ಸರ್, ಆಮ್ಯಾಲ ನಾ ನಂದು ಹೇಳ್ತೀನಿ ಅಂದೆ" ಎಂದು ಮೇಡಂ ನಮ್ಮ ಮುಂದೆ ನಗುತ್ತ ಹೇಳುತ್ತಿದ್ದರು. ಸಂಶೋಧನೆ ಮುಗಿಯಿತು, ಪದವಿಯೂ ಬಂತು. ಆ ಪ್ರಬಂಧ ಪುಸ್ತಕವಾಗಲಿಲ್ಲ. ಯಾಕೆಂದು ಕೇಳಿದರೆ ಸೋಂಪಿನ ಡಬ್ಬಿ ತೆಗೆದು ನಮ್ಮ ಮುಂದೆ ಹಿಡಿಯುತ್ತಿದ್ದರು. ಮಾತು ಮುಗಿಯಿತೆಂಬುದಕ್ಕೆ ಅದು ಅವರ ಸಂಜ್ಞೆ.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕಗಳ ಧೂಳು ಎಲ್ಲ ಕಿಟಕಿಗಳ ಮೇಲೂ ಕೂರುತ್ತದೆ. ನಮ್ಮ ತರಗತಿಯ ಕಿಟಕಿಯ ಮೇಲೂ ಕೂರುತ್ತಿತ್ತು. ಮೇಡಂ ಒಳಗೆ ಬಂದವರೇ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ, ಬೆರಳ ತುದಿಯನ್ನು ನಮಗೆ ತೋರಿಸುತ್ತಿದ್ದರು. "ಇವತ್ತ ಇಲ್ಲಿ ಯಾರೂ ಕಸಾ ಹೊಡದಿಲ್ಲ." ಆಮೇಲೆ ಕಾದಂಬರಿ ತೆರೆಯುತ್ತಿದ್ದರು. "ಈ ಮನ್ಯಾಗ ಯಾರು ಹೊಡದ್ರು? ಹುಡುಕ್ರಿ." ನಾವು ಪುಟ ಮಗುಚುತ್ತಿದ್ದೆವು. ಕಥಾನಾಯಕಿ ಬೆಂಕಿಯ ಮುಂದೆ ಕೂತಿದ್ದಾಳೆ. ಬೆಂಕಿ ತಾನಾಗಿ ಹೊತ್ತಿಕೊಂಡಿದೆ. ಚಹಾ ಬರುತ್ತದೆ, ತಂದವಳಿಗೆ ಕೈ ಉಂಟು, ಹೆಸರಿಲ್ಲ. "ಹೆಂಗಸು ಬರದಾಳ ಅಂತ ಕಣ್ಮುಚ್ಚಿ ಜೈ ಅನಬ್ಯಾಡ್ರಿ. ತನ್ನ ಕಷ್ಟ ಮೂರು ಸಂಪುಟ ಬರದಾಕಿ ತನಗ ಚಹಾ ಕೊಟ್ಟಾಕಿಗಿ ಒಂದು ಹೆಸರು ಇಡಲಿಲ್ಲ. ಆಕಿನ್ನೂ ಕೇಳೂಣು ನಾವು." ಯಾರನ್ನೂ ಕೇಳದೆ ಬಿಡುವುದು ಅವರ ಶಿಸ್ತಿನಲ್ಲಿರಲಿಲ್ಲ. ಮಾವನ ಆಸ್ತಿಯಿಂದ ನಾಯಕಿಯ ಬಾಳು ಹಸನಾದರೆ, ಆ ಆಸ್ತಿ ಯಾವ ಹಡಗಿನಲ್ಲಿ, ಯಾರ ದುಡಿಮೆಯಿಂದ ಬಂತೆಂದು ಕೇಳುತ್ತಿದ್ದರು. ನಾಯಕಿಗೆ ಜ್ವರ ಬಂದು ಹಾಸಿಗೆ ಹಿಡಿದರೆ, ಆ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಯಾವ ಮಾತು ಜ್ವರವಾಗಿ ಹೊರಗೆ ಬಂತೆಂದು ಕೇಳುತ್ತಿದ್ದರು.

ಗಂಡಸಿನ ಹೆಸರಿನ ಮರೆಯಲ್ಲಿ ಬರೆದ ಲೇಖಕಿಯರ ಬಗ್ಗೆ ಅವರಿಗೆ ವಿಶೇಷ ಮಮತೆಯಿತ್ತು, ಆದರೆ ಕನಿಕರ ಇರಲಿಲ್ಲ. ಅವರು ಹೇಳಿಕೊಟ್ಟ ಒಂದು ಓದಿನ ಕ್ರಮವನ್ನು ನಾನು ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಬಿಡಲಿಲ್ಲ. ಆ ಕಾಲದ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಮದುವೆ ಬಂದರೆ ಅದನ್ನು ಪ್ರಕಾಶಕರ ಅಧ್ಯಾಯವೆಂದು ಓದಬೇಕು; ಲೇಖಕಿಯನ್ನು ಹುಡುಕಬೇಕಾದರೆ ಅದರ ಹಿಂದಿನ ಅಧ್ಯಾಯಕ್ಕೆ ಹೋಗಬೇಕು. "ಅಲ್ಲಿ ಆಕಿ ಏನರ ಒಂದು ಇಟ್ಟೇ ಹೋಗಿರ್ತಾಳ" ಎನ್ನುತ್ತಿದ್ದರು. ಈ ಸೂತ್ರ ಎಲ್ಲ ಕಾದಂಬರಿಗಳಿಗೂ ಸಲ್ಲುವುದಿಲ್ಲವೆಂದು ಆಮೇಲೆ ನಾನು ಅವರೊಂದಿಗೆ ಜಗಳವಾಡಿದ್ದೇನೆ. "ಸಲ್ಲಂಗಿಲ್ಲ ಅಂತ ನನಗೂ ಗೊತ್ತದ. ಆದ್ರ ನೀ ಆ ಅಧ್ಯಾಯ ಎರಡು ಸಲ ಓದಿದೆಲ್ಲ?" ಎಂದರು.

ಅವರು ಕೊಡುತ್ತಿದ್ದ ಮನೆಗೆಲಸವೇ ಈ ಬರಹದ ಮುಖ್ಯ ವಿಷಯ. ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು, ಪರೀಕ್ಷೆಯಲ್ಲಿ ಇಂಗ್ಲಿಷ್. ಹೀಗೆ ನಾಲ್ಕು ಕಡೆ ಹಂಚಿಹೋದ ನಾವು ಕಾದಂಬರಿಯನ್ನು ಗೈಡಿನಲ್ಲಿ ಓದಿ, ಗೈಡಿನ ಇಂಗ್ಲಿಷಿನಲ್ಲೇ ಬರೆದು ಪಾಸಾಗುತ್ತಿದ್ದೆವು. ಮೇಡಂ ಗೈಡುಗಳನ್ನು ನಿಷೇಧಿಸಲಿಲ್ಲ. ಶನಿವಾರ ಒಂದು ಅಧ್ಯಾಯ ಮುಗಿಸಿ, "ಇದನ್ನ ಮನಿಗಿ ತಗೊಂಡು ಹೋಗ್ರಿ" ಎಂದರು. ಮನೆಯ ಹಿರಿಯ ಹೆಂಗಸಿಗೆ, ಆಕೆ ತೊಗರಿಬೇಳೆ ಹಸನು ಮಾಡುವಾಗಲೋ ಜೋಳ ಕೇರುವಾಗಲೋ, ಆ ಅಧ್ಯಾಯವನ್ನು ಮನೆಮಾತಿನಲ್ಲಿ ಹೇಳಬೇಕು. ಆಕೆ ಏನು ಕೇಳಿದಳು, ಎಲ್ಲಿ ನಕ್ಕಳು, ಎಲ್ಲಿ ಬೈದಳು ಎಂಬುದನ್ನು ಸೋಮವಾರ ಬಂದು ತರಗತಿಯಲ್ಲಿ ಹೇಳಬೇಕು. ವಿಕ್ಟೋರಿಯನ್ ಕಾಲದಲ್ಲೂ ಈ ಕಾದಂಬರಿಗಳು ಕಂತುಕಂತಾಗಿ ಮನೆಗಳಿಗೆ ಬರುತ್ತಿದ್ದವು, ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಹೊಲಿಗೆ ಹಾಕುತ್ತ ಕೇಳುತ್ತಿದ್ದರು. ನಾವು ಅವುಗಳನ್ನು ಬಂದಲ್ಲಿಗೇ ಕಳಿಸುತ್ತಿದ್ದೇವೆ ಎಂಬುದು ಅವರ ವಾದ.

ಆ ಸೋಮವಾರಗಳಷ್ಟು ಸಂತೋಷದ ತರಗತಿಗಳನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮನೂರಿನ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳ ಆಯಿ, ಅಂದರೆ ಅಜ್ಜಿ, ಎಲ್ಲ ಕೇಳಿಸಿಕೊಂಡು, "ಅಲ್ಲ, ನೀ ತರೂ ಕತ್ಯಾಗೆಲ್ಲ ಹುಡಿಗಿ ಅವ್ವ ಸತ್ತಿರ್ತಾಳಲ್ಲ, ಆ ದೇಶದಾಗ ಹೆಂಗಸರು ಬದಕಾಂಗೇ ಇಲ್ಲೇನು?" ಎಂದಿದ್ದಳು. ತಾಯಿ ಸತ್ತ ನಾಯಕಿಯರನ್ನು ಮುಂದಿಟ್ಟುಕೊಂಡು ಮೇಡಂ ಒಂದು ವಾರ ಪಾಠ ಮಾಡಿದರು. ತಾಯಿ ಬದುಕಿದ್ದರೆ ಮಗಳಿಗೆ ಏನು ಹೇಳಬೇಕಾಗುತ್ತಿತ್ತು, ಅದನ್ನು ಬರೆಯಲು ಯಾವ ಲೇಖಕಿಗೆ ಧೈರ್ಯವಿತ್ತು ಎಂದು ಕೇಳಿದರು. ನನ್ನ ಆಯಿಯ ಮಾತು ಮಾತ್ರ ನನಗೆ ನಾಚಿಕೆ ತಂದಿತು. ಹೆಂಡತಿಯನ್ನು ಹೊಡೆಯುವ ಗಂಡನ ಕಥೆ ಕೇಳಿ ಆಕೆ, "ಹೊಡದ್ರೇನಾತು, ಮನಿ ಅದ, ಹೊಲಾ ಅದ. ಬಿಟ್ಟು ಎಲ್ಲಿಗಿ ಹೋಗ್ತಾಳಂತ?" ಎಂದುಬಿಟ್ಟಿದ್ದಳು. ಅದನ್ನು ಹೇಳದೆ ಮುಚ್ಚಿಡಲು ನೋಡಿದೆ. ಮೇಡಂ ಬಿಡಲಿಲ್ಲ. ಹೇಳಿಸಿ, ಬೋರ್ಡಿನ ಮೇಲೆ ಅಕ್ಷರ ತಪ್ಪದಂತೆ ಬರೆದರು.

"ಇದನ್ನ ಅಳಸಬ್ಯಾಡ್ರಿ. ಆ ಕಾಲದ ದೊಡ್ಡ ದೊಡ್ಡ ವಿಮರ್ಶಕರು ಇದನ್ನೇ ಬರದಾರ. ಜರಾ ಚಲೋ ಇಂಗ್ಲಿಷ್‌ದಾಗ ಬರದಾರ, ಅಷ್ಟೇ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕಾದ ಮೇಲೆ ಅವರು, ಆಯಿ ಹೇಳಿದ್ದೆಲ್ಲ ಜ್ಞಾನವೆಂದು ಮೆರೆಸುವುದೂ ಬೇಡ, ಅಜ್ಞಾನವೆಂದು ಬಿಸಾಡುವುದೂ ಬೇಡ, ಆಕೆ ಯಾವ ಭಯದಿಂದ ಹಾಗೆ ಹೇಳಿದಳೆಂದು ಬರೆದುಕೊಂಡು ಬಾ ಎಂದರು.

ಜಗದೇವಿ ನನ್ನ ಬೆಂಚಿನ ಗೆಳತಿ. ಬಶೀರಾಬಾದಿನ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಆ ವರ್ಷ ನಾವು ಓದುತ್ತಿದ್ದ ಕಾದಂಬರಿಯಲ್ಲಿ ತಂದೆಯಿಲ್ಲದ ಹುಡುಗಿಯೊಬ್ಬಳು ಬಂಧುವಿನ ಮನೆಯಲ್ಲಿ ಬೆಳೆಯುತ್ತಾಳೆ. ಆ ಮನೆಯ ಮಗನೇ ಅವಳನ್ನು ಮದುವೆಯಾಗುತ್ತೇನೆಂದು ಬರುತ್ತಾನೆ. ಅಂಥ ಪ್ರಸಂಗ ಆ ಕಾಲದ ಕಾದಂಬರಿಗಳಲ್ಲಿ ಹೊಸದಲ್ಲ. ಜಗದೇವಿ ಪುಸ್ತಕದಲ್ಲಿದ್ದಂತೆ, ಅವನು ಹುಡುಗಿಯ ದೊಡ್ಡಪ್ಪನ ಮಗನೆಂದೇ ಹೇಳಿದಳು. ಅವಳ ಆಯಿ ಕೈಯಲ್ಲಿದ್ದ ಮೊರವನ್ನು ಕೆಳಗೆ ಒಗೆದಳು.

"ಥೂ! ದೊಡ್ಡಪ್ಪನ ಮಗ ಅಂದ್ರ ಅಣ್ಣ ಆದ್ನಲ್ಲೇ! ಅಣ್ಣನ್ನ ಮಾಡ್ಕೊಂತಾಳ? ಇಂಥಾ ಹಲ್ಕಾ ಕತಿ ಕೇಳಾಕ ಬಸ್ಸಿಗಿ ರೊಕ್ಕಾ ಕೊಟ್ಟು ಕಳಸ್ತೀವೇನು?"

ಹೆದರಿದ ಜಗದೇವಿ ಕೂತಲ್ಲೇ ಕಥೆ ತಿದ್ದಿದಳು. "ಅಲ್ಲ ಆಯಿ, ನಂದೇ ತಪ್ಪಾತು. ಸ್ವಾದರಮಾವನ ಮಗ ಅಂತ."

ಆಯಿ ಮೊರ ಎತ್ತಿಕೊಂಡಳು. "ಹಾಂ, ಹಂಗನ್ನು ಮತ್ತ. ಬರೊಬರಿ ಆತು. ಹೊಲಾ ಹೊರಗ ಹೋಗಂಗಿಲ್ಲ."

ಸೋದರಮಾವನ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ವಾಡಿಕೆ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಒಡಹುಟ್ಟಿದವರ ಲೆಕ್ಕ. ಈ ವ್ಯತ್ಯಾಸ ಇಂಗ್ಲಿಷಿನವರಿಗಿಲ್ಲ. ಸೋಮವಾರ ಜಗದೇವಿ ತನ್ನ ತಿದ್ದುಪಡಿಯನ್ನು ಒಪ್ಪಿಕೊಂಡಾಗ ನಾವೆಲ್ಲ ಬೆಂಚು ಬಡಿದು ನಕ್ಕೆವು. ಮೇಡಂ ನಗಲಿಲ್ಲ.

"ಆಯಿ ಏನಂದ್ರು? ಹೊಲಾ ಹೊರಗ ಹೋಗಂಗಿಲ್ಲ ಅಂದ್ರಾ?"

ಆ ದಿನದ ಪಾಠ ಗಂಟೆ ಹೊಡೆದರೂ ನಿಲ್ಲಲಿಲ್ಲ. ಆ ಪುಟವನ್ನು ನಾವು ಪ್ರೇಮವೆಂದು ಓದಿದ್ದೆವು. ಒಲ್ಲದ ಪ್ರೇಮ, ಇಷ್ಟೇ ತಕರಾರು. ಮದುವೆಯಾದ ಹೆಂಗಸಿನ ಆಸ್ತಿ ಗಂಡನದಾಗುತ್ತಿದ್ದ ಕಾನೂನು ಆ ದೇಶದಲ್ಲಿ ಆ ಶತಮಾನದ ಬಹುಭಾಗ ಜಾರಿಯಲ್ಲಿತ್ತೆಂದು ಗೈಡಿನಲ್ಲಿ ಓದಿ ಬಾಯಿಪಾಠ ಮಾಡಿದ್ದ ನಮಗೆ, ಆ ಮನೆಯ ಮಗ ಹುಡುಗಿಯ ಕೈ ಕೇಳಿದಾಗ ಅವಳ ಪಾಲಿನ ಆಸ್ತಿಯನ್ನೂ ಕೇಳುತ್ತಿದ್ದಾನೆಂದು ಹೊಳೆದಿರಲಿಲ್ಲ. ಜಗದೇವಿ ಸುಳ್ಳು ಹೇಳಿ ಕಥೆಯನ್ನು ಮನೆಯ ಮರ್ಯಾದೆಗೆ ಹೊಂದಿಸಿದ್ದರಿಂದಲೇ ಕಥೆಯೊಳಗಿನ ವ್ಯವಹಾರ ಬಯಲಿಗೆ ಬಂದಿತ್ತು.

ತರಗತಿಯಲ್ಲಿ ಹೇಳದ ಸಂಗತಿಯೊಂದನ್ನು ಜಗದೇವಿ ನನಗೆ ಬಸ್ ನಿಲ್ದಾಣದಲ್ಲಿ ಹೇಳಿದಳು. ಅವಳನ್ನು ತೊಟ್ಟಿಲಲ್ಲಿದ್ದಾಗಲೇ ಸೋದರಮಾವನ ಮಗನಿಗೆಂದು ಮಾತಾಡಿ ಇಟ್ಟಿದ್ದರು. ಅವಳ ತಾಯಿಗೆ ತವರಿನಲ್ಲಿ ಒಂದು ಪಾಲು ಹೊಲವಿತ್ತು. ಹೇಗೂ ಮಗಳು ಆ ಮನೆಗೇ ಹೋಗುವವಳೆಂದು ಆ ಪಾಲನ್ನು ತಾಯಿ ಕೇಳಿರಲಿಲ್ಲ, ಅಣ್ಣ ಕೊಟ್ಟಿರಲಿಲ್ಲ. ಆಯಿಗೆ ಕಥೆ ಹೇಳುವಾಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವಳ ತಾಯಿ, ಈ ಕಡೆ ತಿರುಗದೆಯೇ, "ಆ ಹುಡಿಗಿನ್ನ ಯಾರರ ಒಂದ್ ಮಾತು ಕೇಳಿದ್ರೇನು?" ಎಂದಳಂತೆ.

ಮುಂದಿನ ಶನಿವಾರಗಳಲ್ಲಿ ತಾಯಿ ರೊಟ್ಟಿಯ ಕೆಲಸ ಬೇಗ ಮುಗಿಸಿ ಬಂದು ಕೂರತೊಡಗಿದಳು. ಕಥೆಯ ಹುಡುಗಿ ಮದುವೆಯನ್ನು ನಿರಾಕರಿಸಿ ಆ ಮನೆ ಬಿಟ್ಟು ಹೊರಟಳು. ಅದೇ ವಾರ ದಿನ ನಿಶ್ಚಯಿಸಲು ಬಂದ ಅಣ್ಣನಿಗೆ ಜಗದೇವಿಯ ತಾಯಿ ಹೇಳಿದ್ದು ಇಷ್ಟೇ: "ಪರೀಕ್ಷಾ ಆಗಲಿ ಅಣ್ಣ. ಆಕಿನ್ನ ಒಂದ್ ಮಾತು ಕೇಳೂಣು." ಬೇಡವೆಂದೂ ಹೇಳಲಿಲ್ಲ, ಕೊಡುವುದಿಲ್ಲವೆಂದೂ ಹೇಳಲಿಲ್ಲ.

ಸೋಮವಾರ ಆತ ಕಾಲೇಜಿಗೆ ಬಂದ. ಜಗದೇವಿಯನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದರು; ಅವಳು ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಒಳಗಿದ್ದೆ. ಮೇಡಂ ಆಗಲೇ ಅಲ್ಲಿದ್ದರು.

"ನಮ್ಮ ಹುಡಿಗಿ ಟಿ.ಸಿ. ಕೊಟ್ಟುಬಿಡ್ರಿ ಸಾಬ್" ಎಂದ ಮಾವ. "ಈ ಮೇಡಂ ಕತಿ ಕಳಿಸಿ ಕಳಿಸಿ ನಮ್ಮ ಮನಿ ಮುರೀಲಾಕತ್ತಾರ."

ಪ್ರಿನ್ಸಿಪಾಲರು ಮೇಡಂ ಕಡೆ ತಿರುಗಿದರು. "ಏನ್ ಮೇಡಂ, ಮನಿಗಿ ಕತಿ ಕಳಸಂತ ಸಿಲೆಬಸ್‌ದಾಗ ಅದ ಏನು?"

"ಕತಿ ಅದ ಸರ್. ಮನಿ ಇಲ್ಲ."

"ನೋಡ್ರಿ! ಜವಾಬ್ ನೋಡ್ರಿ ಹ್ಯಾಂಗ ಕೊಡ್ತಾರ!" ಮಾವ ಎದ್ದು ನಿಂತ. "ನನ್ನ ತಂಗಿ ಇವತ್ತಿನತನಕ ನನ್ನ ಮಾತಿಗಿ ಎದುರಾಡಿದಾಕಿ ಅಲ್ರಿ. ಈಗ ಹುಡಿಗಿನ್ನ ಕೇಳಬೇಕಂತ! ಕರಾನ್ನ ಕೇಳಿ ಗೂಟಕ್ಕ ಕಟ್ತಾರೇನ್ರಿ ಯಾರರ?"

"ಕರಾ ಬಿ.ಎ. ಓದಂಗಿಲ್ರಿ ಅಣ್ಣಾರ. ನಿಮ್ಮ ಸೊಸಿ ಓದ್ಲಾಕತ್ಯಾಳ."

ಪ್ರಿನ್ಸಿಪಾಲರಿಗೆ ನಗು ಬಂದದ್ದು ನನಗೆ ಕಂಡಿತು. ನಗುವನ್ನು ನುಂಗಿ ಅವರು ಆಡಳಿತದ ಭಾಷೆಗೆ ಹೊರಳಿದರು. ಇಂಥ ಸುದ್ದಿ ಹಳ್ಳಿಗಳಿಗೆ ಹಬ್ಬಿದರೆ ಹುಡುಗಿಯರನ್ನು ಕಳಿಸುವುದು ನಿಲ್ಲಿಸುತ್ತಾರೆ, ಕಾಲೇಜು ನಡೆಯಬೇಕು, ಟಿ.ಸಿ. ಕೇಳಿದರೆ ಕೊಡುವುದು ನಿಯಮ. ಯಾರು ಕೇಳಿದರೆ ಎಂಬುದನ್ನು ಅವರು ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಜಗದೇವಿಯ ಕಡೆ ನೋಡಲೂ ಇಲ್ಲ. ಪ್ರಾಪ್ತ ವಯಸ್ಸಿನ ವಿದ್ಯಾರ್ಥಿನಿ ಎದುರಿಗಿರುವಾಗ ಅವಳ ಓದು ನಿಲ್ಲಿಸುವ ವಿಷಯವನ್ನು ಅವಳ ಮಾವನೊಂದಿಗೆ ಚರ್ಚಿಸಿದ ಆ ಕೋಣೆಯ ನಡವಳಿಕೆಗೆ ಇಂದಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಮೇಡಂ ಮಾವನ ಕಡೆ ತಿರುಗಿ ಹೇಳಿದರು: "ನಿಮಗ ಕತಿದು ಪರೇಶಾನಿ ಅಲ್ರಿ? ನಾ ಮಾತು ಕೊಡ್ತೀನಿ. ನಾ ಈ ಕಾಲೇಜಿನ್ಯಾಗ ಇರೂತನಕ ಯಾವ ಹುಡಿಗಿ ಕೈಲೂ ಮನಿಗಿ ಕತಿ ಕಳಸಂಗಿಲ್ಲ. ಆದ್ರ ಟಿ.ಸಿ. ಜಗದೇವಿ ತನ್ನ ಬಾಯಿಲೆ ಕೇಳಿದ್ರೇ ಕೊಡಬೇಕು. ಪ್ರಿನ್ಸಿಪಾಲ್ ಸರ್ ನಿಮ್ಮ ಮುಂದ ಹೂಂ ಅನಬೇಕು."

ಪ್ರಿನ್ಸಿಪಾಲರು ಹೂಂ ಅಂದರು. ಮಾವನೂ ಅಂದ. ನಮ್ಮ ಕಡೆ ನಾಲ್ಕು ಜನರ ಮುಂದೆ ಕೊಟ್ಟ ಮಾತಿಗೆ ಕಾಗದ ಬೇಡ. ಜಗದೇವಿ ಟಿ.ಸಿ. ಕೇಳಲಿಲ್ಲ.

ಅಂದು ಸಂಜೆ ಬಸ್ ನಿಲ್ದಾಣದವರೆಗೆ ಮೇಡಂ ಜೊತೆ ನಡೆದೆ. ನನಗೆ ಸಿಟ್ಟು ತಡೆಯುವಂತಿರಲಿಲ್ಲ. "ಯಾಕ್ರಿ ಮೇಡಂ ಒಪ್ಕೊಂಡ್ರಿ?"

"ಜಗದೇವಿ ಪರೀಕ್ಷಾ ಬರೀತಾಳಲ್ಲ."

"ಮುಂದ ಬರೂ ಹುಡಿಗ್ಯಾರ ಗತಿ ಏನ್ರಿ?"

ಅವರು ಸೋಂಪಿನ ಡಬ್ಬಿಗೆ ಕೈ ಹಾಕಲಿಲ್ಲ. "ಅದನ್ನ ನೀ ಕೇಳೂದು ಬಿಡಬ್ಯಾಡವ್ವ."

ಬಿಡಲಿಲ್ಲ. ಕಲಬುರಗಿಗೆ ಎಂ.ಎ. ಓದಲು ಹೋದ ಮೇಲೂ ರಜೆಗೆ ಬಂದಾಗಲೆಲ್ಲ ಕೇಳಿದೆ. ಜೋರು ಮಾಡಿ ತೆಗೆದುಕೊಂಡ ಮಾತು ಮಾತಲ್ಲ. ಅದನ್ನು ಉಳಿಸಿಕೊಳ್ಳುವುದು ಜೋರು ಮಾಡಿದವರಿಗೆ ಸಹಾಯ ಮಾಡಿದಂತೆ. ಒಬ್ಬಳ ಪರೀಕ್ಷೆಗೆ ನೂರಾರು ಹುಡುಗಿಯರ ಸೋಮವಾರಗಳನ್ನು ತೆರಬೇಕಾಗಿರಲಿಲ್ಲ, ಎರಡನ್ನೂ ಕೇಳಬಹುದಿತ್ತು. ಈ ಆಕ್ಷೇಪಣೆಯನ್ನು ಇಲ್ಲಿಯೂ ಹಿಂತೆಗೆದುಕೊಳ್ಳುತ್ತಿಲ್ಲ. ಮೇಡಂ ಪ್ರತಿಸಲವೂ ಪೂರ್ತಿ ಕೇಳಿಸಿಕೊಂಡರು. ಒಮ್ಮೆ ಮಾತ್ರ ತಿರುಗಿ ಹೇಳಿದರು: "ನಾ ಹೆದರಿ ಕೊಟ್ಟ ಮಾತಲ್ಲ ಅದು. ವ್ಯಾಪಾರ ಮಾಡಿ ಕೊಟ್ಟೀನಿ. ಆ ಕಡಿಯವರು ತಮ್ಮ ಮಾತು ನಡಸ್ಯಾರ. ನಾ ತಪ್ಪಿದ್ರ ನಾಳಿ ಇನ್ನೊಬ್ಬಾಕಿ ಸಲುವಾಗಿ ಯಾವ ಬಾಯಿಲೆ ಕೇಳಲಿ?" ಆಮೇಲೆಯೂ ತರಗತಿಯಲ್ಲಿ ಕಿಟಕಿಯ ಧೂಳನ್ನು ಬೆರಳಿಗೆ ತೆಗೆದು ತೋರಿಸುತ್ತಿದ್ದರಂತೆ. ಕೊನೆಯ ಅಧ್ಯಾಯ, ಅದರ ಹಿಂದಿನ ಅಧ್ಯಾಯ, ಎಲ್ಲ ಹೇಳುತ್ತಿದ್ದರಂತೆ. ಆದರೆ ಅವರ ತರಗತಿಗೆ ಹೊರಗಿನಿಂದ ಬರುತ್ತಿದ್ದ ಪ್ರಶ್ನೆಗಳು ನಿಂತವು. ಅಲ್ಲಿಂದಾಚೆಗೆ ಓದಿದವರನ್ನು ಮಾತಾಡಿಸಿದರೆ ಅವರಿಗೆ ಮೇಡಂ ಒಳ್ಳೆಯ ಶಿಕ್ಷಕಿಯೆಂದಷ್ಟೇ ನೆನಪು.

ಜಗದೇವಿ ಪರೀಕ್ಷೆ ಬರೆದಳು. ಫಲಿತಾಂಶ ಬಂದ ಮೇಲೆ ಮಾವ ಮತ್ತೆ ಬಂದ. ಆ ದಿನ ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಎಲ್ಲರೂ ಕೂತಿದ್ದಾಗ ತಾಯಿ ಮಗಳನ್ನು ಕೇಳಿದಳು, "ಏನವ್ವ, ನಿನ್ನ ಮಾತು ಏನು?" ಜಗದೇವಿ ಮಾವನಿಗೇ ಹೇಳಿದಳು: "ಹೊಲಾ ಹೊರಗ ಹೋಗಬಾರ್ದು ಅಷ್ಟೇ ಅಲ್ಲೇನು ಮಾಮಾ? ಅವ್ವನ ಪಾಲು ಅವ್ವನ ಹೆಸರಿಗಿ ಮಾಡು. ಮನ್ಯಾಗೇ ಉಳಿತದ. ಆಮ್ಯಾಲ ನನ್ನ ಮದಿವಿ ಮಾತಾಡೂಣು."

ಮಾವ ಅರ್ಧ ಕುಡಿದ ಚಹಾ ಬಿಟ್ಟು ಎದ್ದ. ಆ ವರ್ಷವೇ ಮಗನಿಗೆ ಬೇರೆ ಕಡೆ ಹೆಣ್ಣು ತಂದ. ಜಗದೇವಿ ಬಿ.ಎಡ್. ಮುಗಿಸಿ ಈಗ ನಾರಾಯಣಖೇಡದ ಕಡೆಯ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಇದನ್ನು ಗೆಲುವೆಂದು ಬರೆದು ಮುಗಿಸಲು ನನಗೂ ಆಸೆಯಿತ್ತು. ಆದರೆ ಪಂಚಮಿ ಹಬ್ಬಕ್ಕೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಆ ಪಂಚಮಿಗೆ ಜಗದೇವಿಯ ತಾಯಿಯನ್ನು ಕರೆಯಲು ಯಾರೂ ಬರಲಿಲ್ಲ. ಆಮೇಲಿನ ಪಂಚಮಿಗಳಿಗೂ ಬರಲಿಲ್ಲ. ಹೊಲವೂ ಸಿಗಲಿಲ್ಲ, ತವರೂ ಉಳಿಯಲಿಲ್ಲ. ಜಗದೇವಿಯ ಓದಿಗೆ ಬೆಲೆ ತೆತ್ತವರು ಮೇಡಂ ಒಬ್ಬರೇ ಅಲ್ಲವೆಂದು ವಾದ ಹೂಡುತ್ತಿದ್ದ ನನಗೆ ತಡವಾಗಿ ತಿಳಿಯಿತು. ತನ್ನ ಸಲುವಾಗಿ ಕೊಟ್ಟ ಮಾತನ್ನು ತಾನು ಮುರಿಯಬಾರದೆಂದು ಜಗದೇವಿ ಕಥೆಯ ಮುಂದಿನ ಅಧ್ಯಾಯವನ್ನು ಮನೆಯಲ್ಲಿ ಹೇಳಲೇ ಇಲ್ಲ. ತಾಯಿಯೂ ಕೇಳಲಿಲ್ಲ.

ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿನಿಯರ ಪರವಾಗಿ ಮಾತಾಡಲು ನನ್ನನ್ನು ಕರೆದರು. ನಾನು ಒಂದೇ ಪ್ರಶ್ನೆ ಕೇಳಿದೆ: ಪಠ್ಯದ ಕಾದಂಬರಿಯನ್ನು ಮನೆಯಲ್ಲಿ ಹೇಳಬಾರದೆಂಬ ಮಾತನ್ನು ಈ ಕಾಲೇಜು ತನ್ನ ಅಧ್ಯಾಪಕಿಯಿಂದ ಯಾಕೆ ತೆಗೆದುಕೊಂಡಿತು? ಕಾರ್ಯದರ್ಶಿಗಳು ಮೈಕಿನ ಅಗತ್ಯವಿಲ್ಲದಷ್ಟು ಜೋರಾಗಿ ನಕ್ಕರು. "ಅಯ್ಯ, ಹಳೀ ಮಾತು ಬಿಡವ್ವ. ಇವತ್ತ ಖುಷಿ ದಿನಾ." ಚಪ್ಪಾಳೆ ಬಿತ್ತು. ಪ್ರಶ್ನೆ ಇನ್ನೂ ಅವರ ಮುಂದಿದೆ.

ಕೊನೆಗೆ ಮೇಡಂ ಎದ್ದರು. ಇಂಗ್ಲಿಷಿನಲ್ಲಿ ವಂದನೆ ಹೇಳಿ, ಮುಂದಿನ ಸಾಲುಗಳಲ್ಲಿ ಕೂತಿದ್ದ ಹುಡುಗಿಯರ ಕಡೆ ತಿರುಗಿ ಮನೆಮಾತಿಗೆ ಬಂದರು. "ಈ ಕಾಲೇಜಿನ್ಯಾಗ ಇರೂತನಕ ಅಂತ ಒಂದು ಮಾತು ಕೊಟ್ಟಿದ್ದೆ. ನಡಸೀನಿ. ಇವತ್ತಿಗಿ ಅದು ಮುಗೀತು. ಐತಾರದಿಂದ ನನ್ನ ಮನಿ ಬಾಗಿಲಾ ತೆರದಿರ್ತದ. ಯಾರೂ ಒಬ್ಬಾಕಿನೇ ಬರಬ್ಯಾಡ್ರಿ. ಅವ್ವನ್ನ ಕರ್ಕೊಂಡು ಬರ್ರಿ, ಆಯಿನ್ನ ಕರ್ಕೊಂಡು ಬರ್ರಿ. ಕತಿ ನಾ ಹೇಳ್ತೀನಿ." ಕಾರ್ಯದರ್ಶಿಗಳ ನಗು ಮುಖದಲ್ಲಿ ಉಳಿದಿತ್ತು, ಆದರೆ ಅದಕ್ಕೆ ಆಗ ಯಾವ ಕೆಲಸವೂ ಇರಲಿಲ್ಲ.

ಭಾನುವಾರ ನಾನು ಬೇಗನೆ ಹೋದೆ. ಪಡಸಾಲೆಯ ತಾಂಡೂರು ಕಲ್ಲಿನ ನೆಲ ಒರೆಸಿ ಚಾಪೆ ಹಾಸಿದ್ದರು. ಇಬ್ಬರು ಹುಡುಗಿಯರು ತಮ್ಮ ತಾಯಂದಿರೊಂದಿಗೆ ಬಂದರು. ಒಬ್ಬಳ ಜೊತೆ ಆಯಿಯೂ ಬಂದಿದ್ದಳು, ಬಿಡಿಸಲೆಂದು ಅವರೆಕಾಯಿ ತಂದಿದ್ದಳು. ಆಮೇಲೆ ಶೇರ್ ಆಟೋ ಒಂದು ಬಾಗಿಲ ಮುಂದೆ ನಿಂತಿತು. ಇಳಿದವಳು ಜಗದೇವಿಯ ತಾಯಿ, ಒಬ್ಬಳೇ. ಬೀಳ್ಕೊಡುಗೆಯ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದ್ದಳಂತೆ. ತವರು ಕಳೆದುಕೊಂಡ ಹೆಂಗಸು, ಅದಕ್ಕೆ ಕಾರಣವಾದ ಮನೆಗೆ ಮೊದಲ ಸಲ ಬಂದಿದ್ದಾಳೆ. ಆಕೆ ಏನು ಕೇಳಿದರೂ ಕೇಳುವ ಹಕ್ಕು ಆಕೆಗಿದೆಯೆಂದು ನಾನು ಬಾಗಿಲು ಬಿಟ್ಟು ಸರಿದು ನಿಂತೆ. ಮೇಡಂ ಎದ್ದು ಹೊಸ್ತಿಲವರೆಗೆ ಹೋದರು. ಆಕೆ ಸೆರಗು ಸರಿಪಡಿಸಿಕೊಂಡು, ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಆ ಹುಡಿಗಿ ಮನಿ ಬಿಟ್ಟು ಹೋದ್ಲು ಅಂತ ಅಲ್ಲಿಗೇ ನಿಂತದ್ರಿ ಮೇಡಂ ಅವರ. ಹೋದಾಕಿ ಹೊಟ್ಟಿಗಿ ಏನ್ ಮಾಡಿದ್ಲು?"

ಮೇಡಂ ಆಕೆಯ ಕೈ ಹಿಡಿದು ಒಳಗೆ ಕರೆದರು.

"ಬರ್ರಿ ಅಕ್ಕಾರ, ಕೂಡ್ರಿ. ಅದನ್ನ ಬರದಾಕಿನೂ ಸರೀ ಹೇಳಿಲ್ರಿ. ನಾ ಓದಿ ಹೇಳ್ತೀನಿ. ಆಕಿ ಹೇಳಿದ್ದು ಸಾಕಾಗ್ತದೋ ಇಲ್ಲೋ, ನೀವು ಹೇಳ್ರಿ."

ಜಗದೇವಿಯ ತಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವರೆಕಾಯಿ ಬಿಡಿಸುತ್ತಿದ್ದ ಆಯಿ ಸರಿದು ಜಾಗ ಮಾಡಿಕೊಟ್ಟಳು.